ಜಾಕಿ ರಾಬಿನ್ಸನ್ನನ ಚರಿತ್ರೆ

ನಮ್ಮಲ್ಲಿ ಕ್ರಿಕೆಟ್ಟು ಹೇಗೋ ಅಮೆರಿಕದ ಸಂಯುಕ್ತ ಸಂಸ್ಥಾನದವರಿಗೆ ಬೇಸ್‌ಬಾಲ್ ಆಟವು ಹಾಗೆ. ಶಾಲೆಯ ಬಯಲಿನಲ್ಲಿ ರೌಂಡರ್ಸ್ ಆಡಿದ ಹಳೆಯ ವಿದ್ಯಾರ್ಥಿನಿಯರಿಗೆ ಅದರ ಕ್ರಮವು ಬೇಗನೆ ತಿಳಿಯುವುದು: ಚೆಂಡನ್ನು ದಾಂಡಿನಿಂದ ಹೊಡೆದು ನಾಲ್ಕು ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟ. ಇಂಥ ಜನಪ್ರಿಯವಾದ ಆಟದ ಮೇಲುದರ್ಜೆಯ ತಂಡಗಳಲ್ಲಿ ಸುಮಾರು ಅರುವತ್ತು ವರ್ಷಗಳ ಕಾಲ ಕರಿಯ ಜನರಿಗೆ ಸ್ಥಳವಿರಲಿಲ್ಲ. ಒಡೆಯರ ಒಳ ಒಪ್ಪಂದವೇ ಕಾಯಿದೆಯಾಗಿತ್ತು. ಕರಿಯರು ತಮ್ಮವೇ ಆದ ತಂಡಗಳನ್ನು ಕಟ್ಟಿಕೊಂಡು ಬೇರೆಯಾಗಿ ಆಡುತ್ತಿದ್ದರು.

ಈ ಗೋಡೆಯನ್ನು ಒಡೆದ ಜಾಕಿಯು 1919ನೆಯ ಇಸವಿ ಜನವರಿ 31ರಂದು ಜಾರ್ಜಿಯಾ ಸೀಮೆಯ ಕೈರೋ ಎಂಬ ಊರಿನಲ್ಲಿ ಹುಟ್ಟಿದನು. ಅವನಿನ್ನೂ ಹಸುಗೂಸಾಗಿರುವಾಗಲೇ ತಂದೆಯು ಮನೆ ಬಿಟ್ಟು ಹೋದನು. ತಾಯಿ ಮ್ಯಾಲಿಯು 1920ರಲ್ಲಿ ಐದು ಮಕ್ಕಳೊಡನೆ ರೈಲು ಹತ್ತಿ, ದೇಶದ ಇನ್ನೊಂದು ತುದಿಯಲ್ಲಿದ್ದ ಕ್ಯಾಲಿಫೋರ್ನಿಯಾದ ಪ್ಯಾಸಡೀನ ಪಟ್ಟಣವನ್ನು ಸೇರಿದಳು. ಪರರ ಮನೆಗೆಲಸದಿಂದ ಕೂಡಿಸಿದ ಹಣದಲ್ಲಿ ಬಿಳಿಯರ ಬೀದಿಯಲ್ಲಿ ಮನೆ ಮಾಡಿದಳು. ನೆರೆಯವರು ಎಬ್ಬಿಸಲು ನೋಡಿದರು, ಆಕೆ ಕದಲಲಿಲ್ಲ. ಮಗನ ಕೀರ್ತಿಯನ್ನು ಓದುವಾಗಲೆಲ್ಲಾ ನಮ್ಮ ಮನಸ್ಸಿಗೆ ಮೊದಲು ಬರುವವಳು ಈ ತಾಯಿಯೇ.

ಆ ಪಟ್ಟಣದ ಈಜುಕೊಳಕ್ಕೆ ಕರಿಯ ಮಕ್ಕಳು ವಾರಕ್ಕೊಂದು ದಿನ ಮಾತ್ರ ಇಳಿಯಬಹುದಾಗಿತ್ತು. ಅಣ್ಣನಾದ ಮ್ಯಾಕ್ 1936ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಪಂದ್ಯದಲ್ಲಿ 200 ಮೀಟರ್ ಓಟದ ಬೆಳ್ಳಿಯ ಪದಕವನ್ನು ಗೆದ್ದು ಬಂದನು; ಊರಿನಲ್ಲಿ ಅವನಿಗೆ ಸಿಕ್ಕಿದ್ದು ಬೀದಿ ಗುಡಿಸುವ ಕೆಲಸ. ಜಾಕಿಯು ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ನಾಲ್ಕು ಆಟಗಳಲ್ಲಿ ಹೆಸರಾಗಿ, ಯುದ್ಧಕಾಲದಲ್ಲಿ ಸೈನ್ಯದ ಅಧಿಕಾರಿಯಾದನು. 1944ರಲ್ಲಿ ಟೆಕ್ಸಸ್ಸಿನಲ್ಲಿ ಬಸ್ಸಿನ ಚಾಲಕನು ಹಿಂದಕ್ಕೆ ಹೋಗಿ ಕೂಡೆಂದಾಗ ಒಪ್ಪಲಿಲ್ಲ. ಸೈನಿಕ ನ್ಯಾಯಾಲಯದ ವಿಚಾರಣೆಯಾಗಿ, ನಿರ್ದೋಷಿಯೆಂದು ಬಿಡುಗಡೆ ಹೊಂದಿದನು.

ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ ಎಂಬುವರು 1945ನೆಯ ಆಗಸ್ಟಿನಲ್ಲಿ ಕರೆಸಿದ್ದು ಇಂಥವನನ್ನು. ರಿಕಿಯವರು ಭಾನುವಾರ ಆಟಕ್ಕೆ ಹೋಗದ ಮೆಥಡಿಸ್ಟರು; ನ್ಯಾಯದ ಚಿಂತೆಯೊಡನೆ ಗೆಲುವಿನ ಮತ್ತು ಗಲ್ಲಾಪೆಟ್ಟಿಗೆಯ ಚಿಂತೆಯೂ ಅವರಿಗಿತ್ತು. ಯಾರು ಏನೆಂದರೂ, ಹೊಡೆದರೂ ಎದುರು ಹೇಳಬಾರದೆಂಬುದು ಅವರ ಷರತ್ತು. ಬಸ್ಸಿನಲ್ಲಿ ಜಗ್ಗದವನು ಇದಕ್ಕೆ ಒಪ್ಪಿದನು.

1947ನೆಯ ಏಪ್ರಿಲ್ 15ರಂದು ಎಬೆಟ್ಸ್ ಫೀಲ್ಡಿನಲ್ಲಿ ಆತನು ಬಿಳಿಯರ ನಡುವೆ ಇಳಿದಾಗ 26,000ಕ್ಕೂ ಮಿಕ್ಕ ಜನ ಸೇರಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಕರಿಯರೇ. ಆ ವರ್ಷವೆಲ್ಲಾ ಕೊಲೆಯ ಬೆದರಿಕೆಯ ಪತ್ರಗಳು, ತಂಗಲು ಬಿಡದ ಹೋಟೆಲುಗಳು, ಫಿಲಡೆಲ್ಫಿಯ ತಂಡದವರ ಹೊಲಸು ಮಾತುಗಳು. ಬಾಯಿ ತೆರೆಯದೆ ಆಡಿ, ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಬಿರುದನ್ನು ಪಡೆದನು. ಈ ಮೌನವನ್ನೇ ಹೊಗಳಿ, ತಾಳ್ಮೆಯ ಪಾಠವೆಂದು ಮಕ್ಕಳಿಗೆ ಹೇಳುವುದುಂಟು. ಅರ್ಧ ಕಥೆಯನ್ನು ಹೇಳಿ ನಿಲ್ಲಿಸುವುದು ನಮಗೆ ಸರಿಕಾಣದು. ಆ ತಾಳ್ಮೆಗೆ ಆತನೇ ಒಪ್ಪಿದ್ದನು, ಅದಕ್ಕೊಂದು ಅವಧಿಯೂ ಇತ್ತು. 1949ರಲ್ಲಿ ಕಟ್ಟು ಬಿಚ್ಚಿತು. ಅನ್ಯಾಯ ಕಂಡಲ್ಲಿ ಗಟ್ಟಿಯಾಗಿ ಮಾತಾಡಿದನು. ಮೊದಲು ಮೆಚ್ಚಿದವರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಅದೇ ವರ್ಷ ತನ್ನ ಲೀಗಿನ ಅತ್ಯುತ್ತಮ ಆಟಗಾರನೂ ಆದನು.

1950ರಲ್ಲಿ ತನ್ನ ಜೀವನದ ಚಲನಚಿತ್ರದಲ್ಲಿ ತಾನೇ ನಟಿಸಿದನು. 1955ರಲ್ಲಿ ತಂಡವು ವರ್ಲ್ಡ್ ಸೀರೀಸ್ ಗೆದ್ದಿತು. ಮಧುಮೇಹದಿಂದ ದೃಷ್ಟಿ ಮಂಕಾಗಿದ್ದರೂ, 1972ನೆಯ ಅಕ್ಟೋಬರ್ 15ರಂದು ತನ್ನ ಸನ್ಮಾನದ ಸಭೆಯಲ್ಲಿಯೇ, ಕರಿಯನೊಬ್ಬನು ತಂಡವನ್ನು ನಡೆಸುವುದನ್ನು ಕಾಣಬೇಕೆಂದು ಕೇಳಿದನು. ಒಂಬತ್ತು ದಿನಗಳಲ್ಲಿ, 53ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಆ ಕೋರಿಕೆ ನೆರವೇರಿದ್ದು 1975ರಲ್ಲಿ.

ಪತ್ನಿ ರೇಚಲ್ಲಳು ದಾದಿಯ ವಿದ್ಯೆ ಕಲಿತವಳು. 1946ರಲ್ಲಿ ಮದುವೆಯಾದಂದಿನಿಂದ ಆ ಬೈಗುಳವನ್ನೆಲ್ಲಾ ಪ್ರೇಕ್ಷಕರ ನಡುವೆ ಕೂತು ಕೇಳಿದಳು. ಮಕ್ಕಳು ಬೆಳೆದ ಮೇಲೆ ಮತ್ತೆ ಓದಿ, ಯೇಲ್ ವಿಶ್ವವಿದ್ಯಾನಿಲಯದಲ್ಲಿ ಶುಶ್ರೂಷಾಶಾಸ್ತ್ರವನ್ನು ಕಲಿಸಿದಳು. 1973ರಲ್ಲಿ ಗಂಡನ ಹೆಸರಿನಲ್ಲಿ ನಿಧಿಯೊಂದನ್ನು ಸ್ಥಾಪಿಸಿ, ಬಡ ಮಕ್ಕಳ ಕಾಲೇಜು ವಿದ್ಯಾಭ್ಯಾಸಕ್ಕೆ ವೇತನ ದೊರೆಯುವಂತೆ ಮಾಡಿದಳು.