ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರು

ಸವಳಂಗದ ಸುತ್ತಿನ ಹಳ್ಳಿಗಳಲ್ಲಿ ಯಾರಾದರೂ ಕಾಯಿಲೆ ಬಿದ್ದು ಊರ ಮದ್ದಿಗೆ ಗುಣ ಕಾಣದಿದ್ದರೆ, ಅವರನ್ನು ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯುವುದು ರೂಢಿ. ಆದರೆ ನಮ್ಮ ಅಜ್ಜಿಯರ ಕಾಲದಲ್ಲಿ ಆಸ್ಪತ್ರೆಯ ಹೆಸರೆತ್ತಿದರೆ ಮನೆಯಲ್ಲಿ ಅಳು ಹುಟ್ಟುತ್ತಿತ್ತು. ಅಲ್ಲಿಗೆ ಹೋದವರು ಮರಳಿ ಬಾರರೆಂಬ ಭೀತಿಯಿತ್ತು. ಆ ಭೀತಿಯನ್ನು ಬರಿಯ ಮೌಢ್ಯವೆಂದು ನಗುವುದು ಸುಲಭ. ಆದರೆ ನೂರೆಪ್ಪತ್ತು ವರ್ಷಗಳ ಹಿಂದೆ ವಿಲಾಯತಿಯ ದೊಡ್ಡ ಪಟ್ಟಣಗಳಲ್ಲಿಯೂ ಅನುಕೂಲಸ್ಥರು ಮನೆಯಲ್ಲಿಯೇ ಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದರು. ಗತಿಯಿಲ್ಲದವರು ಮಾತ್ರ ಆಸ್ಪತ್ರೆಗೆ ಸೇರುತ್ತಿದ್ದರು. ಆಸ್ಪತ್ರೆಯು ರೋಗಿಗೆ ಮೊದಲಾಗಿ ಕೇಡು ಮಾಡದಂತಿರಬೇಕೆಂದು ಹಟ ಹಿಡಿದು, ಅದಕ್ಕೆ ಬೇಕಾದುದನ್ನು ಲೆಕ್ಕವಿಟ್ಟು ತೋರಿಸಿದ ಸ್ತ್ರೀಯ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇವೆ.

ಫ್ಲಾರೆನ್ಸ್ ನೈಟಿಂಗೇಲರು 1820ನೆಯ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ಊರಿನ ಹೆಸರೇ ಕೂಸಿಗೂ ಆಯಿತು. ಮನೆತನವು ಸಿರಿವಂತವಾದುದು. ತಂದೆಯು ಮಗಳಿಗೆ ಗ್ರೀಕ್ ಲ್ಯಾಟಿನ್ ಭಾಷೆಗಳನ್ನು ತಾವೇ ಕಲಿಸಿದರು. ಆಕೆಗೆ ಗಣಿತದಲ್ಲಿ ವಿಶೇಷ ಅಭಿರುಚಿ. ಹದಿನಾರು ತುಂಬಿದ ಮರುವರ್ಷವೇ, ಎಂದರೆ 1837ರಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಗೆ ಮನವರಿಕೆಯಾಯಿತು. ಆದರೆ ಯಾವ ಸೇವೆ? ಅದು ರೋಗಿಗಳ ಶುಶ್ರೂಷೆಯೆಂದು ತಿಳಿದು, 1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಕೆಲಸ ಕಲಿಯಲು ಅಪ್ಪಣೆ ಕೇಳಿದಾಗ ಮನೆಯವರು ಸುತರಾಂ ಒಪ್ಪಲಿಲ್ಲ. ಆ ಕಾಲದ ದಾದಿಯರ ಹೆಸರು ಅಷ್ಟು ಕೆಟ್ಟಿತ್ತು. ತಾಯಿಯನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಮಗಳನ್ನು ನರ್ಸ್ ಕೆಲಸಕ್ಕೆ ಕಳುಹಿಸಲು ಹಿಂದೆಗೆದ ಮನೆಗಳು ನಮ್ಮಲ್ಲಿಯೂ ಬಹುಕಾಲ ಇದ್ದುವಷ್ಟೆ. ಆರು ವರ್ಷ ಕಾದ ಮೇಲೆ, 1851ರಲ್ಲಿ, ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿ ಫ್ಲೀಡ್ನರರು ನಡೆಸುತ್ತಿದ್ದ ಸೇವಾಶ್ರಮದಲ್ಲಿ ಆಕೆಗೆ ಮೂರು ತಿಂಗಳ ಶಿಕ್ಷಣ ದೊರೆಯಿತು.

1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯ ಚಿಕ್ಕದೊಂದು ಆಸ್ಪತ್ರೆಯ ಮೇಲ್ವಿಚಾರಣೆ ಆಕೆಯ ಕೈಗೆ ಬಂತು. ಇಲ್ಲಿ ಆಕೆ ಕೇಳಿದ ಏರ್ಪಾಡುಗಳನ್ನು ನೋಡಿರಿ. ಬಿಸಿನೀರು ಕೊಳವೆಯ ಮೂಲಕ ಪ್ರತಿ ಅಂತಸ್ತಿಗೂ ಏರಬೇಕು. ರೋಗಿಗಳ ಊಟವನ್ನು ರಾಟೆಯಿಂದ ಮೇಲಕ್ಕೆ ಸೇದಬೇಕು. ರೋಗಿಯು ಗಂಟೆ ಬಾರಿಸಿದರೆ ದಾದಿಯ ಬಾಗಿಲ ಹೊರಗೆ ಅದರ ಮುಚ್ಚಳ ತೆರೆದುಕೊಂಡು ಹಾಗೆಯೇ ನಿಲ್ಲಬೇಕು. ಕರೆದವರು ಯಾರೆಂದು ಅದರಿಂದ ಗೊತ್ತಾಗಬೇಕು. ಇವು ಕ್ಷುಲ್ಲಕವೆಂದು ತೋರಬಹುದು. ಆದರೆ ದಿನವೆಲ್ಲ ಮೆಟ್ಟಿಲು ಹತ್ತಿಳಿಯುವ ದಾದಿಗೆ ರೋಗಿಯ ಬಳಿ ನಿಲ್ಲಲು ಹೊತ್ತೆಲ್ಲಿ? ಅವಳ ಕಾಲ್ನಡಿಗೆಯನ್ನು ಉಳಿಸಿದಷ್ಟೂ ಹೊತ್ತು ರೋಗಿಗೆ ಸಲ್ಲುವುದೆಂದು ಆಕೆ ಕಂಡುಕೊಂಡರು. ನಮ್ಮ ಎಣಿಕೆಯಲ್ಲಿ, ಆಕೆಯ ಕೈದೀಪಕ್ಕಿಂತ ಈ ರಾಟೆಯೂ ಗಂಟೆಯೂ ಹೆಚ್ಚು ನೆನಪಿಗೆ ಯೋಗ್ಯವಾದುವು.

ಮುಂದಿನ ವರ್ಷ ರಷ್ಯದೊಡನೆ ಕ್ರಿಮಿಯದ ಯುದ್ಧ ನಡೆದಿತ್ತು. 38 ಮಂದಿ ದಾದಿಯರೊಡನೆ ಹೊರಟು, 1854ನೆಯ ನವೆಂಬರ್ 4ರಂದು, ಈಗಿನ ಇಸ್ತಾಂಬುಲ್ ನಗರಕ್ಕೆ ಸೇರಿರುವ ಸ್ಕುಟಾರಿಯ ದಂಡಿನ ಆಸ್ಪತ್ರೆಯನ್ನು ಆಕೆ ಸೇರಿದರು. ಸೈನ್ಯದ ವೈದ್ಯರು ಮೊದಮೊದಲು ಇವರನ್ನು ಹತ್ತಿರಕ್ಕೆ ಬಿಡಲಿಲ್ಲ. ಗಾಯಾಳುಗಳು ರಾಶಿರಾಶಿಯಾಗಿ ಬಂದಿಳಿದಾಗ ಬೇರೆ ದಾರಿಯಿರಲಿಲ್ಲ. ಆಕೆ ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಹಂಡೆಗಳನ್ನು ಹೂಡಿಸಿ, ಸಿಪಾಯಿಗಳ ಹೆಂಡಂದಿರಿಂದ ಬಟ್ಟೆ ಒಗೆಸಿದರು. ಪಥ್ಯದ ಅಡಿಗೆಗೆ ಬೇರೆ ಒಲೆ ಹೊತ್ತಿಸಿದರು. ರಾತ್ರಿಯಲ್ಲಿ ದೀಪ ಹಿಡಿದು ಮಂಚದಿಂದ ಮಂಚಕ್ಕೆ ನಡೆದರು. ಲೋಕವೆಲ್ಲ ಬಲ್ಲ ಚಿತ್ರವಿದು.

ಆದರೆ ಚಿತ್ರದಲ್ಲಿ ಕಾಣದ ಸಂಗತಿಯೊಂದುಂಟು. ಇಷ್ಟೆಲ್ಲ ಸೇವೆ ನಡೆಯುತ್ತಿದ್ದಾಗಲೇ ಸಾವು ಏರುತ್ತಲೇ ಹೋಯಿತು. 1855ರ ಫೆಬ್ರುವರಿಯಲ್ಲಿ ಆಸ್ಪತ್ರೆಯ ರೋಗಿಗಳಲ್ಲಿ ನೂರಕ್ಕೆ ಸುಮಾರು 42 ಮಂದಿ ಸತ್ತರು. ಮಾರ್ಚಿಯಲ್ಲಿ ಸರಕಾರವು ಕಳುಹಿಸಿದ ನೈರ್ಮಲ್ಯದ ಸಮಿತಿಯವರು ಬಂದು, ಕಟ್ಟಡದಡಿಯ ಚರಂಡಿಗಳನ್ನು ತೊಳೆಯಿಸಿ, ನೀರಿನ ಕಾಲುವೆಯಿಂದ ಸತ್ತ ಪ್ರಾಣಿಗಳನ್ನು ತೆಗೆಯಿಸಿ, ಗೋಡೆಗಳಿಗೆ ಸುಣ್ಣ ಹೊಡೆಯಿಸಿ, ಗಾಳಿಯಾಡುವಂತೆ ಮಾಡಿದರು. ಜೂನ್ ವೇಳೆಗೆ ಸಾವು ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು.

ಯುದ್ಧ ಮುಗಿದು ಊರಿಗೆ ಮರಳಿದ ಮೇಲೆ ಆಕೆ ಲೆಕ್ಕಶಾಸ್ತ್ರಜ್ಞರಾದ ವಿಲಿಯಂ ಫಾರ್ ಎಂಬವರೊಡನೆ ಕುಳಿತು ದಂಡಿನ ಮರಣದ ಪಟ್ಟಿಗಳನ್ನು ಪರೀಕ್ಷಿಸಿದರು. ಹಸಿವು, ಚಳಿ, ರೋಗಿಗಳನ್ನು ತಡವಾಗಿ ಕಳುಹಿಸಿದ್ದು, ಇವೇ ಕಾರಣಗಳೆಂದು ಆಕೆ ಅದುವರೆಗೆ ನಂಬಿದ್ದರು. ಚರಂಡಿಯೂ ಇಕ್ಕಟ್ಟೂ ಕೆಟ್ಟ ಗಾಳಿಯೂ ಕೊಂದ ಸಿಪಾಯಿಗಳು ಎಷ್ಟು ಮಂದಿಯೆಂಬುದನ್ನು ಅಂಕೆಗಳು ಈಗ ತೋರಿಸಿದವು; ಅವರಲ್ಲಿ ಅನೇಕರು ತಾನು ಹಗಲಿರುಳು ದುಡಿದ ಆಸ್ಪತ್ರೆಯಲ್ಲಿಯೇ ಸತ್ತವರು. ಇಂಥ ಲೆಕ್ಕವನ್ನು ಮುಚ್ಚಿಡುವವರೇ ಹೆಚ್ಚು. ಆಗಲೇ ದೇಶವೆಲ್ಲ ಕೊಂಡಾಡುತ್ತಿದ್ದ ಆಕೆಯೋ, ಆ ಮರಣಗಳನ್ನು ಬಣ್ಣದ ಚಕ್ರಾಕಾರದ ಚಿತ್ರಗಳಾಗಿ ಬಿಡಿಸಿ, 1858ರಲ್ಲಿ ಅಧಿಕಾರಸ್ಥರ ಮುಂದಿಟ್ಟರು. ಅದೇ ವರ್ಷ ಲಂಡನ್ನಿನ ಅಂಕಿಅಂಶಗಳ ಸಂಘವು ಆಕೆಯನ್ನು ತನ್ನ ಮೊದಲ ಸ್ತ್ರೀಸದಸ್ಯೆಯನ್ನಾಗಿ ಚುನಾಯಿಸಿತು. ರೋಗಾಣುಗಳ ಸಿದ್ಧಾಂತವನ್ನು ಆಕೆ ಬಹುಕಾಲ ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಆದರೂ ಆಕೆ ಬೇಡಿದ ಶುಚಿತ್ವವು ಆ ಶತ್ರುವನ್ನೇ ಹೊಡೆಯಿತು.

ಎರಡು ಕಡೆಯೂ ಕಿಟಕಿಗಳುಳ್ಳ ಉದ್ದನೆಯ ವಾರ್ಡುಗಳು, ಎಲ್ಲ ಆಸ್ಪತ್ರೆಗಳಿಗೂ ಒಂದೇ ಬಗೆಯ ದಾಖಲೆಯ ಪಟ್ಟಿ, ಇವು ಆಕೆಯ ಮುಂದಿನ ವರ್ಷಗಳ ದುಡಿಮೆ. 1860ರಲ್ಲಿ ಸಂತ ತೋಮಸರ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆಯು ಆಕೆಯ ನಿಧಿಯಿಂದ ತೆರೆಯಿತು. ಇದೆಲ್ಲವನ್ನೂ ಬಹುಪಾಲು ರೋಗಶಯ್ಯೆಯಿಂದಲೇ ಮಾಡಿದರೆಂಬುದು ಆಶ್ಚರ್ಯ.

ಹಿಂದೂದೇಶಕ್ಕೆ ಆಕೆ ಎಂದೂ ಬರಲಿಲ್ಲ. ಆದರೂ 1859ರಲ್ಲಿ ಇಲ್ಲಿನ ದಂಡುಗಳ ಆರೋಗ್ಯವನ್ನು ವಿಚಾರಿಸಲು ಆಯೋಗವು ನೇಮಕವಾದಾಗ, ದಂಡಿನ ಊರುಗಳಿಂದ ಬಂದ ಉತ್ತರಗಳನ್ನೆಲ್ಲ ಓದಿ ತನ್ನ ಅಭಿಪ್ರಾಯವನ್ನು ಬರೆದರು. ನಮ್ಮ ಬೆಂಗಳೂರಿನ ಹಲಸೂರು ಕೆರೆಯೂ ಅದರಲ್ಲಿ ಬಂದಿದೆ: ಪೇಟೆಯ ಕೊಳೆಯೆಲ್ಲ ಹರಿದು ಸೇರುವ ನೀರನ್ನೇ ಜನರು ಕುಡಿಯುತ್ತಿದ್ದರೆಂಬುದನ್ನು ಆಕೆ ಎತ್ತಿ ತೋರಿಸಿದರು. ಆಗ ಇಲ್ಲಿನ ಆಂಗ್ಲ ಸಿಪಾಯಿಗಳು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿಯಿತು. ಸಿಪಾಯಿಗಳ ಬಳಿಕ ಆಕೆಯ ಗಮನವು ನಮ್ಮ ರೈತರ ಕಡೆಗೂ ಹಳ್ಳಿಗಳ ಬಾವಿ ಬಚ್ಚಲುಗಳ ಕಡೆಗೂ ಹರಿಯಿತು. ಈ ಓಲೆಗಳನ್ನು ಬರೆದದ್ದು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ.

ಕೊನೆಗಾಲದಲ್ಲಿ ಕಣ್ಣು ಕಾಣದಾಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಬಿರುದು ಬಂದಿತು; ಅದನ್ನು ಪಡೆದ ಮೊದಲ ಸ್ತ್ರೀ ಆಕೆಯೇ. 1910ನೆಯ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ನಿದ್ರೆಯಲ್ಲಿಯೇ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರಿನ ದೇವಾಲಯದಲ್ಲಿ ಸಮಾಧಿ ಮಾಡಲು ಅವಕಾಶವಿದ್ದರೂ ಬಂಧುಗಳು ಬೇಡವೆಂದರು. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಗುಡಿಯಂಗಳದಲ್ಲಿ, ತಂದೆತಾಯಿಗಳ ಬಳಿ, ಹೆಸರಿನ ಮೊದಲೆರಡು ಅಕ್ಷರಗಳೂ ಜನನ ಮರಣಗಳ ದಿನಾಂಕಗಳೂ ಮಾತ್ರ ಕೆತ್ತಿದ ಕಲ್ಲಿನ ಕೆಳಗೆ ಆಕೆಯನ್ನು ಇರಿಸಿದರು.