ಮುರಿದ ಮೇಲೆ ವೇಗ ಹೆಚ್ಚಿಸಿದ ಪ್ರೊಪೆಲ್ಲರ್: ಹಡಗಿನ ದಿಕ್ಕು ಬದಲಿಸಿದ ರೈತ ಫ್ರಾನ್ಸಿಸ್ ಸ್ಮಿತ್ ಕಥೆ

ಮಲ್ಪೆ, ಗಂಗೊಳ್ಳಿ ಕಡೆ ನಾಡದೋಣಿಯ ಔಟ್‌ಬೋರ್ಡ್ ಎಂಜಿನ್‌ನ ಫ್ಯಾನ್ ಬಂಡೆಗೆ ಬಡಿದು ಹಾಳಾದರೆ, ಬದಲಿಗೆ ಯಾವುದನ್ನು ಹಾಕಬೇಕು ಎಂಬ ಪ್ರಶ್ನೆ ಏಳುತ್ತದೆ. ದೊಡ್ಡದು ಹಾಕಿದರೆ ದೋಣಿ ಜೋರಾಗಿ ಓಡುತ್ತದೆ ಎಂದುಕೊಳ್ಳುವವರೇ ಹೆಚ್ಚು. ಸುಮಾರು 190 ವರ್ಷಗಳ ಹಿಂದೆ ಇಂಗ್ಲೆಂಡಿನ ಒಬ್ಬ ರೈತನೂ ಹಾಗೆಯೇ ಅಂದುಕೊಂಡಿದ್ದರು. ಅದು ತಪ್ಪು ಎಂದು ಅವರಿಗೆ ಗೊತ್ತಾಗಿದ್ದು ಒಂದು ಅಪಘಾತದಿಂದ.

ಅವರ ಹೆಸರು ಫ್ರಾನ್ಸಿಸ್ ಪೆಟಿಟ್ ಸ್ಮಿತ್. 1808ರ ಫೆಬ್ರವರಿ 9ರಂದು ಕೆಂಟ್ ಪ್ರಾಂತ್ಯದ ಹೈತ್ ಎಂಬ ಕರಾವಳಿ ಊರಿನಲ್ಲಿ ಜನನ. ತಂದೆ ಅಲ್ಲಿನ ಪೋಸ್ಟ್‌ಮಾಸ್ಟರ್. ಸ್ಮಿತ್ ಎಂಜಿನಿಯರಿಂಗ್ ಕಲಿತವರಲ್ಲ, ಜಾನುವಾರು ಸಾಕಣೆ ಅವರ ಕಸುಬು. ಆದರೆ ಆಟಿಕೆ ದೋಣಿ ಮಾಡುವ ಬಾಲ್ಯದ ಹುಚ್ಚು ಮಾತ್ರ ಬಿಟ್ಟಿರಲಿಲ್ಲ. ಲಂಡನ್ ಬಳಿಯ ಹೆಂಡನ್‌ನಲ್ಲಿದ್ದ ತಮ್ಮ ಜಮೀನಿನ ಹೊಂಡದಲ್ಲಿ, ಸ್ಪ್ರಿಂಗ್‌ನಿಂದ ತಿರುಗುವ ಸ್ಕ್ರೂ ಜೋಡಿಸಿದ ಪುಟ್ಟ ದೋಣಿಯನ್ನು ಓಡಿಸಿ ನೋಡಿದರು. ಆಗ ಹಬೆ ಹಡಗುಗಳಿಗೆಲ್ಲ ಪಕ್ಕದಲ್ಲಿ ದೊಡ್ಡ ಚಕ್ರಗಳಿದ್ದವು. ಅಲೆ ಜೋರಾದರೆ ಒಂದು ಚಕ್ರ ನೀರಲ್ಲಿ, ಇನ್ನೊಂದು ಗಾಳಿಯಲ್ಲಿ!

1836ರ ಮೇ 31ರಂದು ಸ್ಮಿತ್ ಪೇಟೆಂಟ್ ಪಡೆದರು. ಸ್ವೀಡನ್ ಮೂಲದ ಜಾನ್ ಎರಿಕ್ಸನ್ ತಮ್ಮದೇ ವಿನ್ಯಾಸಕ್ಕೆ ಪೇಟೆಂಟ್ ಪಡೆದಿದ್ದು ಕೇವಲ ಆರು ವಾರಗಳ ನಂತರ.

ಕಾಲುವೆಯಲ್ಲಿ ಆಗಿದ್ದೇನು?

ಸ್ಮಿತ್ 6 ಅಶ್ವಶಕ್ತಿಯ ಹಬೆ ಎಂಜಿನ್ ಕೂರಿಸಿದ ದೋಣಿಯೊಂದನ್ನು ಕಟ್ಟಿಸಿದರು. ಇಂದಿನ ನಾಡದೋಣಿಯ 9.9 ಎಚ್‌ಪಿ ಎಂಜಿನ್‌ಗಿಂತಲೂ ಕಡಿಮೆ ಬಲ. ಅದರ ಮರದ ಸ್ಕ್ರೂಗೆ ಎರಡು ಪೂರ್ತಿ ಸುತ್ತುಗಳಿದ್ದವು. 1837ರ ಫೆಬ್ರವರಿಯಲ್ಲಿ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಸ್ಕ್ರೂ ಏನಕ್ಕೋ ಬಡಿದು ಅರ್ಧ ಮುರಿದುಹೋಯಿತು. ದೋಣಿ ನಿಲ್ಲಬೇಕಿತ್ತು, ಬದಲಿಗೆ ಮೊದಲಿಗಿಂತ ವೇಗವಾಗಿ ಓಡಿತು.

ಕಾರಣ ಸರಳ. ಉದ್ದನೆಯ ಸ್ಕ್ರೂ ನೀರಿನೊಂದಿಗೆ ಉಜ್ಜಿಕೊಂಡು ಎಂಜಿನ್‌ನ ಬಲವನ್ನೇ ತಿನ್ನುತ್ತಿತ್ತು. ಸ್ಮಿತ್ ಮುರಿದಿದ್ದನ್ನು ಮೊದಲಿನಂತೆ ಸರಿಮಾಡಲು ಹೋಗಲಿಲ್ಲ, ಒಂದೇ ಸುತ್ತಿನ ಹೊಸ ಸ್ಕ್ರೂ ಹಾಕಿಸಿದರು. ಅವರ ಜಾಣ್ಮೆ ಇದ್ದದ್ದು ಇಲ್ಲೇ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆ ಪುಟ್ಟ ದೋಣಿಯನ್ನು ಸಮುದ್ರಕ್ಕಿಳಿಸಿ ತಮ್ಮ ಹುಟ್ಟೂರು ಹೈತ್‌ವರೆಗೂ ಹೋಗಿಬಂದರು.

ಇಂದಿನ ಲೆಕ್ಕವೂ ಇದೇ ಜಾಡಿನದು. ಪ್ರೊಪೆಲ್ಲರ್ ಮೇಲೆ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಎಷ್ಟು ಇಂಚು ಮುಂದೆ ಹೋಗಬೇಕು ಎಂಬುದು. ಪಿಚ್ ಒಂದು ಇಂಚು ಹೆಚ್ಚಿದರೆ ಎಂಜಿನ್ ನಿಮಿಷಕ್ಕೆ ಸುಮಾರು 150ರಿಂದ 200 ಸುತ್ತು ಕಳೆದುಕೊಳ್ಳುತ್ತದೆ. ಬಲೆ, ಮೀನು, ಜನ ತುಂಬಿದ ದೋಣಿಗೆ ಪಿಚ್ ಜಾಸ್ತಿಯಾದರೆ ಎಂಜಿನ್ ಏದುಸಿರು ಬಿಡುತ್ತದೆ. ತೀರಾ ಕಡಿಮೆಯಾದರೆ ಮಿತಿಮೀರಿ ತಿರುಗುತ್ತದೆ. ಮಾಮೂಲಿ ಹೊರೆ ಹೇರಿ, ಪೂರ್ತಿ ಥ್ರಾಟಲ್ ಕೊಟ್ಟಾಗ ಕೈಪಿಡಿಯಲ್ಲಿ ಹೇಳಿದ ಸುತ್ತುಗಳ ಮಿತಿಯೊಳಗೆ ಬರುವ ಪ್ರೊಪೆಲ್ಲರ್ರೇ ಆ ದೋಣಿಗೆ ಸರಿಯಾದದ್ದು.

ಹಡಗುಗಳ ಹಗ್ಗಜಗ್ಗಾಟ

1838ರಲ್ಲಿ ಸ್ಮಿತ್ ಮತ್ತು ಪಾಲುದಾರರ 'ಆರ್ಕಿಮಿಡೀಸ್' ಹಡಗು ನೀರಿಗಿಳಿಯಿತು. 1840ರಲ್ಲಿ ಖ್ಯಾತ ಎಂಜಿನಿಯರ್ ಬ್ರುನೆಲ್ ಅದನ್ನು ಕೆಲವು ತಿಂಗಳು ಎರವಲು ಪಡೆದು, ಬೇರೆ ಬೇರೆ ಪ್ರೊಪೆಲ್ಲರ್ ಹಾಕಿ ಪರೀಕ್ಷಿಸಿದರು. ಬಳಿಕ ತಾವು ಕಟ್ಟುತ್ತಿದ್ದ 'ಗ್ರೇಟ್ ಬ್ರಿಟನ್' ಹಡಗಿಗೆ ಚಕ್ರದ ಯೋಜನೆ ಕೈಬಿಟ್ಟು ಪ್ರೊಪೆಲ್ಲರ್ ಆರಿಸಿಕೊಂಡರು. ನೌಕಾಪಡೆ 'ರ್‍ಯಾಟ್ಲರ್' ಹಡಗಿನಲ್ಲಿ ಸುಮಾರು 30 ಬಗೆಯ ಪ್ರೊಪೆಲ್ಲರ್‌ಗಳನ್ನು ಹಾಕಿ ನೋಡಿತು. ಗೆದ್ದದ್ದು ಸ್ಮಿತ್ ಮಾದರಿಯ ಎರಡು ಬ್ಲೇಡಿನದು. 1845ರ ಏಪ್ರಿಲ್‌ನಲ್ಲಿ ಚಕ್ರದ ಹಡಗು 'ಅಲೆಕ್ಟೊ'ವನ್ನು ಬೆನ್ನಿಗೆ ಬೆನ್ನು ಕಟ್ಟಿದಾಗ, ರ್‍ಯಾಟ್ಲರ್ ಅದನ್ನು ಹಿಮ್ಮುಖವಾಗಿ ಎಳೆದೊಯ್ದಿತು.

ಹಣ ಮಾತ್ರ ಸ್ಮಿತ್ ಕೈ ಹಿಡಿಯಲಿಲ್ಲ. ಕಂಪನಿ ನಷ್ಟದಲ್ಲಿ ಮುಚ್ಚಿತು, 1856ರಲ್ಲಿ ಪೇಟೆಂಟ್ ಅವಧಿಯೂ ಮುಗಿಯಿತು. ಸರ್ಕಾರ ಕೊಟ್ಟ ವರ್ಷಕ್ಕೆ 200 ಪೌಂಡ್ ಪಿಂಚಣಿಯೊಂದಿಗೆ ಅವರು ಗರ್ನ್ಸಿ ದ್ವೀಪದಲ್ಲಿ ಮತ್ತೆ ಬೇಸಾಯಕ್ಕಿಳಿದರು. 1860ರಲ್ಲಿ ಲಂಡನ್ನಿನ ಪೇಟೆಂಟ್ ಕಚೇರಿಯ ವಸ್ತುಸಂಗ್ರಹಾಲಯದ ಮೇಲ್ವಿಚಾರಕ ಹುದ್ದೆ ಸಿಕ್ಕಿತು, 1871ರಲ್ಲಿ ಸರ್ ಪದವಿ. 1874ರ ಫೆಬ್ರವರಿ 12ರಂದು, 66 ತುಂಬಿದ ಮೂರೇ ದಿನಕ್ಕೆ, ಅವರು ಕೊನೆಯುಸಿರೆಳೆದರು.