ಅಕ್ಷರಗಳನ್ನೇ ಆಟಿಕೆ ಮಾಡಿದ ಲೂಯಿಸ್ ಕ್ಯಾರಲ್



ಮೊಲದ ಹಿಂದೆ ಓಡಿ ಬಿಲದೊಳಗೆ ಬಿದ್ದ ಆಲಿಸ್ ಎಂಬ ಹುಡುಗಿಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ಕಥೆ ಬರೆದ ಲೂಯಿಸ್ ಕ್ಯಾರಲ್ ಅವರು ಇಂಗ್ಲಿಷ್ ಪದಗಳ ಆಟಗಳನ್ನೂ ಕಟ್ಟಿದರು ಅನ್ನೋದು ಬಹಳ ಜನಕ್ಕೆ ತಿಳಿದಿಲ್ಲ. ಇಂಗ್ಲಿಷ್ ಪಿರಿಯಡ್ ಬಂತೆಂದರೆ ಎದೆ ಡವಡವ ಅನ್ನುವ ನಮ್ಮಂಥವರಿಗಾಗಿ ಅವರ ಜೀವನವನ್ನು ಇಲ್ಲಿ ಬರೆದಿದ್ದೇನೆ.

ಅವರ ನಿಜವಾದ ಹೆಸರು ಚಾರ್ಲ್ಸ್ ಲಟ್ವಿಜ್ ಡಾಡ್ಸನ್. 1832ರ ಜನವರಿ 27ರಂದು ಇಂಗ್ಲೆಂಡಿನ ಡೇರ್ಸ್‌ಬರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಪಾದ್ರಿಗಳು. ಮನೆಯಲ್ಲಿ ಒಟ್ಟು ಹನ್ನೊಂದು ಮಕ್ಕಳು. ಗಂಡುಮಕ್ಕಳಲ್ಲಿ ಇವರೇ ಹಿರಿಯರು. 1845ರಲ್ಲಿ, ತಮ್ಮ 13ನೇ ವಯಸ್ಸಿನಲ್ಲೇ, ತಮ್ಮ ತಂಗಿಯರನ್ನು ನಗಿಸಲು ಒಂದು ಕೈಬರಹದ ಪತ್ರಿಕೆ ಮಾಡಿದರು. ಪದ್ಯವೂ ಅವರದೇ, ಚಿತ್ರವೂ ಅವರದೇ. ಆಮೇಲೆಯೂ ಇಂಥ ಮನೆಪತ್ರಿಕೆಗಳನ್ನು ಹೊರಡಿಸಿದರು. ನಮ್ಮ ಈ ಗೋಡೆ ಪತ್ರಿಕೆ ಇದ್ದ ಹಾಗೆ ಅನ್ನಿ!

ಆದರೆ ಅವರಿಗೆ ಒಂದು ತೊಂದರೆ ಇತ್ತು. ಅದೇ ಉಗ್ಗು. ಅವರ ಒಡಹುಟ್ಟಿದವರಲ್ಲೂ ಹಲವರಿಗೆ ಉಗ್ಗು ಇತ್ತು. ಸಾಲದ್ದಕ್ಕೆ ಚಿಕ್ಕಂದಿನ ಕಾಯಿಲೆಯಿಂದ ಬಲಗಿವಿ ಮಂದವಾಗಿತ್ತು. ನನಗೂ ಉಗ್ಗು ಇರೋದು ನಿಮಗೆಲ್ಲ ಗೊತ್ತೇ ಇದೆ. ಎದ್ದು ನಿಂತು ಪಾಠ ಓದುವಾಗ ಮೊದಲನೇ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಂಡರೆ ಹೇಗಿರುತ್ತೆ ಅಂತ ಅನುಭವಿಸಿದವರಿಗೇ ಗೊತ್ತು. ಅಂಥವರು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ 1855ರಿಂದ 1881ರವರೆಗೆ ಗಣಿತದ ಉಪನ್ಯಾಸಕರಾಗಿದ್ದರು! ಚಿಕಿತ್ಸೆ ಮಾಡಿಸಿಕೊಂಡರೂ ಉಗ್ಗು ಪೂರ್ತಿ ಹೋಗಲಿಲ್ಲ. ಹೋಗಲಿ ಅಂತ ಕಾಯುತ್ತಲೂ ಕೂರಲಿಲ್ಲ.

1856ರಲ್ಲಿ ಬರಹಕ್ಕೊಂದು ಹೊಸ ಹೆಸರು ಬೇಕಾಯಿತು. ಚಾರ್ಲ್ಸ್ ಲಟ್ವಿಜ್ ಎಂಬುದನ್ನು ಲ್ಯಾಟಿನ್ ಭಾಷೆಗೆ ತಿರುಗಿಸಿದರೆ ಕ್ಯಾರೊಲಸ್ ಲುಡೊವಿಕಸ್ ಎಂದಾಯಿತು. ಅದನ್ನು ಹಿಂದುಮುಂದು ಮಾಡಿ ಮತ್ತೆ ಇಂಗ್ಲಿಷಿಗೆ ತಂದರೆ ಲೂಯಿಸ್ ಕ್ಯಾರಲ್! 1862ರ ಜುಲೈ 4ರಂದು ದೋಣಿಯಲ್ಲಿ ಹೋಗುವಾಗ ಮೂವರು ಪುಟ್ಟ ಅಕ್ಕತಂಗಿಯರಿಗೆ ಆಲಿಸಳ ಕಥೆ ಹೇಳಿದರು. ಮೊದಲು ಅದನ್ನೂ ಕೈಯಲ್ಲೇ ಬರೆದು, ಚಿತ್ರ ಬಿಡಿಸಿ, ಅವರಲ್ಲೊಬ್ಬಳಾದ ಆಲಿಸ್ ಲಿಡೆಲ್‌ಗೆ ಉಡುಗೊರೆ ಕೊಟ್ಟರು. 1865ರಲ್ಲಿ ಅದು ಅಚ್ಚಾಯಿತು.

ಈಗ ಆಟದ ವಿಷಯಕ್ಕೆ ಬರ್ತೀನಿ. 1877ರ ಕ್ರಿಸ್‌ಮಸ್ ದಿನ ಇಬ್ಬರು ಹುಡುಗಿಯರಿಗೆ ಏನೂ ಮಾಡಲು ತೋಚದೆ ಬೇಜಾರಾಗಿತ್ತಂತೆ. ಅವರಿಗಾಗಿ ಡಬ್ಲೆಟ್ಸ್ ಎಂಬ ಆಟ ಕಟ್ಟಿದರು. ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸಬೇಕು, ಉಳಿದವು ಹಾಗೇ ಇರಬೇಕು, ಪ್ರತಿ ಸಲವೂ ನಿಜವಾದ ಪದವೇ ಆಗಬೇಕು. ಹೀಗೆ ಹೆಡ್ ಅಂದರೆ ತಲೆಯನ್ನು ಟೇಲ್ ಅಂದರೆ ಬಾಲ ಮಾಡಿ ತೋರಿಸಿದರು: ಹೆಡ್, ಹೀಲ್, ಟೀಲ್, ಟೆಲ್, ಟಾಲ್, ಟೇಲ್. ಸ್ಪೆಲ್ಲಿಂಗ್ ಬರೆದು ನೋಡಿ, ಐದೇ ಹೆಜ್ಜೆ! ಟೀಲ್ ಅಂದರೆ ಒಂದು ಜಾತಿಯ ಬಾತುಕೋಳಿ. 1879ರಲ್ಲಿ ವ್ಯಾನಿಟಿ ಫೇರ್ ಎಂಬ ಪತ್ರಿಕೆ ಈ ಆಟದ ಸ್ಪರ್ಧೆಯನ್ನೇ ನಡೆಸಿತು.

ನನಗೆ ಇನ್ನೂ ಇಷ್ಟವಾದದ್ದು ಮಿಶ್‌ಮ್ಯಾಶ್. ಹಾಗಂದರೆ ಕಲಸುಮೇಲೋಗರ. ಅವರ ಒಂದು ಮನೆಪತ್ರಿಕೆಗೂ ಇದೇ ಹೆಸರಿತ್ತು. ಈ ಆಟದಲ್ಲಿ ಒಬ್ಬರು ಎರಡೋ ಅದಕ್ಕಿಂತ ಹೆಚ್ಚೋ ಅಕ್ಷರ ಕೊಡಬೇಕು. ಇನ್ನೊಬ್ಬರು ಆ ಅಕ್ಷರಗಳು ಅದೇ ಕ್ರಮದಲ್ಲಿ ಒತ್ತಾಗಿ ಬರುವ ಪದ ಹೇಳಬೇಕು. ಇ, ಎಂ, ಓ ಅಂದರೆ ಲೆಮನ್. ಜಿ, ಪಿ ಅಂದರೆ ಮ್ಯಾಗ್‌ಪೈ ಎಂಬ ಹಕ್ಕಿ. ಐ, ಎಂ, ಎಸ್, ಇ ಅಂದಾಗ ನನಗೆ ತಲೆ ಕೆಟ್ಟಿತು. ಉತ್ತರ ನೋಡಿದರೆ ನಾವು ದಿನಾ ಓದುವ ಹಿಮ್‌ಸೆಲ್ಫ್! ಜನ ಬಳಸುವ ಪದವೇ ಆಗಬೇಕು, ಹೆಸರುಗಳು ನಡೆಯೋಲ್ಲ.

ಮೊನ್ನೆ ನಮ್ಮ ಬೆಂಚಿನವರು ಎನ್, ಜಿ, ಎಲ್ ಇಟ್ಟುಕೊಂಡು ಆಡಿದೆವು. ಆ್ಯಂಗಲ್, ಟ್ರಯಾಂಗಲ್, ಸಿಂಗಲ್, ಬ್ಯಾಂಗಲ್, ಜಂಗಲ್ ಹೀಗೆ ಐದು ಸಿಕ್ಕವು. ಎರಡು ಗಣಿತದ ಪುಸ್ತಕದವು, ಒಂದು ಬಸ್ಸಿನಲ್ಲಿ ಕೇಳಿದ್ದು, ಒಂದು ಬಳೆ ಅಂಗಡಿಯ ಬೋರ್ಡಿನದು, ಒಂದು ಕಾಡು. ಇಂಗ್ಲಿಷ್ ಎಂಬ ಪದದಲ್ಲೂ ಈ ಮೂರು ಅಕ್ಷರ ಇವೆ, ಆದರೆ ಅದು ಭಾಷೆಯ ಹೆಸರು, ನಡೆಯೋಲ್ಲ! ಬರೋಲ್ಲ ಬರೋಲ್ಲ ಅನ್ನುತ್ತಲೇ ನಮ್ಮೊಳಗೆ ಎಷ್ಟೊಂದು ಪದಗಳು ಕೂತಿದ್ದವು ನೋಡಿ. ಈ ಆಟಕ್ಕೆ ದುಡ್ಡು ಬೇಡ, ಸ್ಲೇಟು ಬಳಪ ಸಾಕು. ಬರೆದು ತೋರಿಸಿದರೆ ನಾಲಗೆ ತಡವರಿಸುವ ಭಯವೂ ಇಲ್ಲ.

ಕ್ಯಾರಲ್ ಅವರು 1898ರ ಜನವರಿ 14ರಂದು ಗಿಲ್ಫರ್ಡ್ ಎಂಬ ಊರಿನಲ್ಲಿ, ಅಕ್ಕತಂಗಿಯರ ಮನೆಯಲ್ಲಿ ತೀರಿಕೊಂಡರು. 66 ವರ್ಷ ತುಂಬಲು ಎರಡೇ ವಾರ ಬಾಕಿ ಇತ್ತು. ಯಾವ ಮಾತು ಬಾಯಲ್ಲಿ ಅವರನ್ನು ಕಾಡಿಸಿತೋ ಅದೇ ಮಾತನ್ನು ಬಿಡಿಸಿ, ಜೋಡಿಸಿ, ಮಕ್ಕಳ ಕೈಗೆ ಆಟಿಕೆಯಾಗಿ ಕೊಟ್ಟು ಹೋದರು. ಆದ್ದರಿಂದ ಸ್ನೇಹಿತರೇ, ಯಾರಾದರೂ ಓದುವಾಗ ತಡೆದರೆ ನಗಬೇಡಿ, ಸ್ವಲ್ಪ ಕಾಯಿರಿ. ಪದ ಬಂದೇ ಬರುತ್ತೆ.

ಈ ವಾರದ ಪ್ರಶ್ನೆ: ಟಿ, ಸಿ, ಎಚ್ ಒತ್ತಾಗಿ ಬರುವ ಐದು ಪದ ಬರೆಯಿರಿ. ಟೀಚರ್ ಪದದಲ್ಲಿ ಮೂರೂ ಇವೆ, ಆದರೆ ಒತ್ತಾಗಿಲ್ಲ, ಹುಷಾರು! ಒಂದು ಸುಳಿವು: ಅಡುಗೆಮನೆಯಲ್ಲಿ ಹುಡುಕಿ.